ಐದು ರೊಟ್ಟಿ, ಎರಡು ಮೀನು, ಹದಿನಾಲ್ಕು ಮಕ್ಕಳು

ಪ್ರಶ್ನೆ: ನಮಸ್ತೆ ಟೀಚರ್. ನಾನು ಉಡುಪಿಯವಳು, 27 ವರ್ಷ, ಬ್ಯಾಂಕಲ್ಲಿ ಕೆಲಸ. ನಮ್ಮ ಚರ್ಚಿನ ಸಂಡೇ ಸ್ಕೂಲಲ್ಲಿ ಚಿಕ್ಕ ಮಕ್ಕಳ ಕ್ಲಾಸ್ ತಗೊಳ್ತಿದ್ದ ಟೀಚರ್ ಮದುವೆಯಾಗಿ ದುಬೈಗೆ ಹೋದ್ರು. ಅಯ್ಯನವರು (ನಮ್ಮ ಪಾದ್ರಿ) ಆರಾಧನೆ ಮುಗಿದ ಮೇಲೆ ಯಾರಾದ್ರೂ ಮುಂದೆ ಬನ್ನಿ ಅಂದಾಗ ಯಾರೂ ಏಳಲಿಲ್ಲ, ನಾನು ಕೈ ಎತ್ತಿಬಿಟ್ಟೆ. 4ರಿಂದ 7 ವರ್ಷದ 14 ಮಕ್ಕಳು, 45 ನಿಮಿಷ. ಹೋದ ವಾರ ಮೊದಲ ಕ್ಲಾಸ್. ಪಾಠದ ಪುಸ್ತಕ ಓದ್ಲಿಕ್ಕೆ ಶುರು ಮಾಡಿ ಐದು ನಿಮಿಷಕ್ಕೆ ಇಬ್ಬರು ಬೆಂಚಿನ ಅಡಿಯಲ್ಲಿ, ಒಬ್ಬಳು ಅಮ್ಮ ಬೇಕು ಅಂತ ಅಳು, ಒಬ್ಬ ಪಕ್ಕದವನಿಗೆ ಹೊಡೆದ. ಕೊನೆಗೆ ಒಂದು ಹುಡುಗಿ "ನಮ್ಮ ಅಜ್ಜ ಸತ್ತೋದ್ರು, ಈಗ ಎಲ್ಲಿದ್ದಾರೆ" ಅಂತ ಕೇಳಿದ್ಲು, ನನಗೆ ಉತ್ತರವೇ ಬರ್ಲಿಲ್ಲ. ಬೈಬಲ್ ಜ್ಞಾನ ನನಗೆ ಅಷ್ಟಕ್ಕಷ್ಟೆ. ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡ ಓದ್ಲಿಕ್ಕೆ ಬರುದಿಲ್ಲ. ಈಗ ಆಗುದಿಲ್ಲ ಅಂತ ಹೇಳಿದ್ರೆ ತಪ್ಪಾ? ಮುಂದುವರಿಸುದಾದ್ರೆ ಹೇಗೆ? ಮತ್ತೆ ಸೀರೆಯೇ ಉಡಬೇಕು ಅಂತ ಕೆಲವರು ಹೇಳ್ತಾರೆ, ಹೌದಾ?

ಉತ್ತರ: ಪಾಠದ ಪುಸ್ತಕ ಓದ್ಲಿಕ್ಕೆ ಶುರು ಮಾಡಿದೆ ಅಂತ ಬರ್ದಿದ್ದೀರಲ್ಲ, ಗಲಾಟೆ ಹುಟ್ಟಿದ್ದು ಅಲ್ಲಿಂದಲೇ. ಪುಸ್ತಕ ಕೈಯಲ್ಲಿದ್ರೆ ನಿಮ್ಮ ಕಣ್ಣು ಪುಸ್ತಕದ ಮೇಲೆ, ನಿಮ್ಮ ಕಣ್ಣು ಕೆಳಗೆ ಹೋದ ಕೂಡ್ಲೇ ಮಕ್ಕಳು ಬೆಂಚಿನ ಅಡಿಗೆ. ಇದು ನಾನು ಮೂವತ್ತೊಂದು ವರ್ಷ ಮಂಗಳೂರಲ್ಲಿ ಸಂಡೇ ಸ್ಕೂಲಿನ ಚಿಕ್ಕ ಮಕ್ಕಳ ಕ್ಲಾಸ್ ಮಾಡಿ ಕಲ್ತದ್ದು, ವಾರದಲ್ಲಿ ಐದೂವರೆ ದಿನ ಪ್ರೈಮರಿ ಸ್ಕೂಲಲ್ಲೂ ಅದೇ ಸೈಜಿನ ಮಕ್ಕಳೇ ಇದ್ದದ್ದು ನನಗೆ, ಹಾಗಾಗಿ ಸ್ವಲ್ಪ ಧೈರ್ಯದಿಂದ ಹೇಳ್ತೇನೆ. ನಿಮಗೆ ಬೈಬಲ್ ಜ್ಞಾನ ಕಮ್ಮಿ ಅಂತ ಹೆದರಿಕೆ, ಆದ್ರೆ ಆ ಮಕ್ಕಳಿಗೆ ಬೇಕಾದ್ದು ಒಂದು ವಾರಕ್ಕೆ ಒಂದು ಕಥೆ, ಅದೂ ನಿಮ್ಮ ಬಾಯಿಂದ, ನಿಮ್ಮ ಭಾಷೆಯಲ್ಲಿ, ಅವರ ಮುಖ ನೋಡ್ತಾ. ಅದು ಒಂದು ಸರಿ ಆದ್ರೆ ಉಳಿದದ್ದಕ್ಕೆ ದಾರಿ ಸಿಗ್ತದೆ.

ಒಂದು ಉದಾಹರಣೆ ತಗೊಳ್ಳುವ. ಐದು ರೊಟ್ಟಿ ಎರಡು ಮೀನಿನ ಕಥೆ, ಯೇಸು ಅಷ್ಟರಲ್ಲೇ ಐದು ಸಾವಿರ ಗಂಡಸರಿದ್ದ ಗುಂಪಿನ ಹೊಟ್ಟೆ ತುಂಬಿಸಿ, ಆಮೇಲೂ ಹನ್ನೆರಡು ಬುಟ್ಟಿ ಉಳಿದದ್ದು. ಇದು ನಾಲ್ಕು ಸುವಾರ್ತೆಗಳಲ್ಲೂ (ಬೈಬಲಲ್ಲಿ ಯೇಸುವಿನ ಜೀವನ ಹೇಳುವ ಪುಸ್ತಕಗಳು) ಉಂಟು, ಆದ್ರೆ ಆ ರೊಟ್ಟಿ ಮೀನು ಒಬ್ಬ ಹುಡುಗನ ಹತ್ರ ಇತ್ತು ಅಂತ ಹೇಳುದು ಯೋಹಾನ ಮಾತ್ರ, ಆರನೇ ಅಧ್ಯಾಯದಲ್ಲಿ. ರೊಟ್ಟಿ ಜವೆಗೋಧಿದು ಅಂತಲೂ ಅವನೇ ಹೇಳುದು, ಅಂದ್ರೆ ಬಡವರ ಊಟ. ನಿಮ್ಮ ಮಕ್ಕಳಿಗೆ ಆ ಹುಡುಗ ಮುಖ್ಯ, ಐದು ಸಾವಿರ ಗಂಡಸರು ಅಲ್ಲ. ಹಾಗಾಗಿ ಕಥೆಯನ್ನು ಆ ಹುಡುಗನ ಮನೆಯಿಂದ ಶುರು ಮಾಡಿ. ಬೆಳಿಗ್ಗೆ ಅಮ್ಮ ಬುತ್ತಿ ಕಟ್ತಿದ್ದಾರೆ. ಎಷ್ಟು ರೊಟ್ಟಿ? ಬೆರಳು ಎತ್ತಿ ಎಣಿಸುವ. ಮೀನು ಎಷ್ಟು? ನಾನೊಂದ್ಸಲ ಹೀಗೆ ಹೇಳ್ತಾ ಇರುವಾಗ ಒಬ್ಬ ಹುಡುಗ ಎದ್ದು ನಿಂತು "ರೊಟ್ಟಿಗೆ ಕೋರಿ ಇಲ್ವಾ ಟೀಚರ್" ಅಂತ ಕೇಳಿದ. ಕೋರಿ ಅಂದ್ರೆ ತುಳುವಲ್ಲಿ ಕೋಳಿ, ಅವನ ಪ್ರಕಾರ ರೊಟ್ಟಿ ಅಂದ್ರೆ ಕೋರಿ ರೊಟ್ಟಿ, ಅಕ್ಕಿದು, ಗರಿಗರಿ, ಮೇಲಿಂದ ಸಾರು ಹೊಯ್ಯುದು. ಇನ್ನೊಬ್ಬಳು ಮೀನು ಬಂಗುಡೆಯಾ ಬೂತಾಯಿಯಾ ಅಂತ. ಆ ದಿನ ನನ್ನ ಪಾಠ ಹಾಳಾಯ್ತು ಅಂತ ಮೊದಲು ಬೇಜಾರು ಬಂತು, ಮನೆಗೆ ಹೋಗಿ ಯೋಚನೆ ಮಾಡಿದ್ರೆ, ಅಯ್ಯೋ, ಮಕ್ಕಳು ಕಥೆಯ ಒಳಗೆ ಬಂದು ಕೂತಾಗಿದೆ, ಹೊರಗೆ ಇದ್ದದ್ದು ನಾನು. ಮುಂದಿನ ವರ್ಷದಿಂದ ನಾನೇ ಕೇಳ್ತೇನೆ, ಮೀನು ಯಾವುದು ಇರಬಹುದು ಹೇಳಿ ಅಂತ. ಅವರು ಒಬ್ಬೊಬ್ಬರೇ ಹೇಳ್ತಾರೆ, ಆಮೇಲೆ ಆ ಊರಿನ ಕೆರೆಯ ಮೀನು ಚಿಕ್ಕದು ಇರ್ತಿತ್ತೋ ಏನೋ, ನಮ್ಮ ಬೂತಾಯಿಯ ಹಾಗೆ ಅಂದ್ಕೊಳ್ಳುವ ಅಂತ ಮುಂದೆ ಹೋಗುದು.

ಇಂಗ್ಲಿಷ್ ಮೀಡಿಯಂ ಅಂತ ಹೇಳಿದ್ರಲ್ಲ, ಅದು ತೊಂದರೆಯೇ ಅಲ್ಲ ಈ ವಯಸ್ಸಲ್ಲಿ. ಓದಿಸುವ ಕೆಲಸವೇ ಇಲ್ಲ. ಮನೆಯಲ್ಲಿ ಎಂತ ಮಾತಾಡ್ತಾರೋ ಅದರಲ್ಲಿ ಹೇಳಿ, ಕನ್ನಡ, ಮಧ್ಯೆ ಮಧ್ಯೆ ತುಳು, ಬೇಕಾದಲ್ಲಿ ಒಂದೆರಡು ಇಂಗ್ಲಿಷ್. 1834ರಲ್ಲಿ ಬಾಸೆಲ್ ಮಿಶನಿನವರು (ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಸಂಸ್ಥೆ) ಮಂಗಳೂರಿಗೆ ಬಂದು ಇಳಿದವರು ಜರ್ಮನ್ ಮಾತಾಡುವ ಜನ, ಅವರೇ ಕೂತು ತುಳು ಕಲ್ತು ತುಳುವಲ್ಲಿ ಹೇಳಿದ್ರು, ಇಲ್ಲೇ ಹುಟ್ಟಿದ ನಮಗೆಂತ ನಾಚಿಕೆ. ಆದ್ರೆ ಬೈಬಲ್ ಭಾಷೆಯನ್ನು ಹಾಗೆಯೇ ತಂದು ಸುರಿಯಬೇಡಿ. "ದೇವರು ಪ್ರೀತಿಸ್ವರೂಪಿ" ಅಂತ ಬಾಯಿಪಾಠ ಮಾಡಿಸಿದ್ದೆ ಒಂದ್ಸಲ, ಒಬ್ಬ ಮನೆಗೆ ಹೋಗಿ ದೇವರು ಪ್ರೀತಿ ಸೂಪು ಅಂತ ಹೇಳಿದ್ದಾನೆ, ಅವನ ಅಮ್ಮ ನಗ್ತಾ ಫೋನ್ ಮಾಡಿದ್ರು. ಈಗ ನಾನು "ದೇವರಿಗೆ ನನ್ನ ಮೇಲೆ ಪ್ರೀತಿ ಉಂಟು" ಅಂತ ಮೊದಲು ನಾಲ್ಕು ವಾರ ಹೇಳಿಸಿ, ಆಮೇಲೆ ಪುಸ್ತಕದ ವಾಕ್ಯ. ಕುರಿ ಕಳೆದುಹೋದ ಕಥೆಯೂ ಹಾಗೆಯೇ, ಕರಾವಳಿಯ ಮಕ್ಕಳು ಕುರಿ ಹಿಂಡು ನೋಡಿದ್ದೇ ಇಲ್ಲ, ಚಿತ್ರ ತೋರಿಸಿದ್ರೆ ಆಡು ಅಂತಾರೆ. ಮೊದಲು ಚಿತ್ರ, ಕುರಿ ಹೇಗೆ ಕೂಗ್ತದೆ ಅಂತ ಎಲ್ಲರೂ ಒಂದ್ಸಲ ಕೂಗುದು, ಆಮೇಲೆ ಕಥೆ. ಬಲೆ, ದೋಣಿ, ಬಿರುಗಾಳಿ ಇದಕ್ಕೆಲ್ಲ ಪೀಠಿಕೆ ಬೇಡ. ಜೂನ್ 1ರಿಂದ ಜುಲೈ 31ರ ತನಕ ಟ್ರಾಲ್ ಬೋಟ್ ಕಡಲಿಗೆ ಹೋಗುದಿಲ್ಲ ಯಾಕೆ ಅಂತ ಮಲ್ಪೆ ಕಡೆಯ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತುಂಟು. ಯೇಸು ಬಿರುಗಾಳಿ ನಿಲ್ಲಿಸಿದ ಕಥೆ ನಾನು ಪ್ರತಿ ವರ್ಷ ಜೂನಲ್ಲೇ ಇಟ್ಕೊಳ್ಳುದು, ಹೊರಗೆ ಮಳೆ ಹೊಡಿತಿರ್ತದೆ, ತಯಾರಿಯ ಅರ್ಧ ಕೆಲಸ ಮಳೆಯೇ ಮಾಡಿಕೊಡ್ತದೆ. ಶೀಟಿನ ಮಾಡು ಇದ್ರೆ ಮಾತ್ರ ಕಷ್ಟ, ಎಷ್ಟು ಬೊಬ್ಬೆ ಹೊಡೆದ್ರೂ ಕೇಳುದಿಲ್ಲ, ಅಂಥ ದಿನ ಮಾತು ಬಿಟ್ಟು ಅಭಿನಯ, ಇಡೀ ಕ್ಲಾಸೇ ದೋಣಿ, ಎಲ್ಲರೂ ಹುಟ್ಟು ಹಾಕುದು.

ಮತ್ತೆ ಕಥೆಯ ಕೊನೆಗೆ "ಹಾಗಾಗಿ ಮಕ್ಕಳೇ ನಾವೂ ಹಂಚಿ ತಿನ್ನಬೇಕು" ಅಂತ ಬಾಲ ಕಟ್ಟಬೇಡಿ. ಇದು ನನ್ನ ಸ್ವಂತ ಹಠ, ಬೇರೆ ಟೀಚರ್‌ಗಳು ಒಪ್ಪುದಿಲ್ಲ, ನಮ್ಮ ಸುಪರಿಂಟೆಂಡೆಂಟ್ ಹತ್ರ ಇದಕ್ಕೇ ಎರಡು ಸಲ ವಾದ ಆಗಿದೆ. ಆದ್ರೆ ನಾನು ನೋಡಿದ್ದು ಎಂತ ಅಂದ್ರೆ ನೀತಿ ಶುರುವಾದ ಕೂಡ್ಲೇ ಮಕ್ಕಳ ಕಣ್ಣಿಗೆ ಪರದೆ ಬೀಳ್ತದೆ, ಮನೆಯಲ್ಲಿ ದಿನಾ ಕೇಳುವ ಉಪದೇಶವೇ ಇಲ್ಲೂ ಅಂತ. ಕಥೆ ಮುಗಿಸಿ, "ಹನ್ನೆರಡು ಬುಟ್ಟಿ ಉಳೀತು" ಅಂತ ಹೇಳಿ ಸುಮ್ಮನೆ ಕೂತ್ಕೊಳ್ಳಿ. ಹತ್ತು ಸೆಕೆಂಡ್. ಯಾರಾದ್ರೂ ಎಂತಾದ್ರೂ ಕೇಳ್ತಾರೆ. ನನ್ನ ಕ್ಲಾಸಲ್ಲಿ ಒಬ್ಬಳು ಕೇಳಿದ್ದು, "ಆ ಹುಡುಗ ಮನೆಗೆ ಹೋಗಿ ಅಮ್ಮನ ಹತ್ರ ಹೇಳಿದ್ರೆ ಅಮ್ಮ ನಂಬಿದ್ರಾ?" ಅಷ್ಟು ಒಳ್ಳೆ ಪ್ರಶ್ನೆ ದೊಡ್ಡವರ ಬೈಬಲ್ ಸ್ಟಡಿಯಲ್ಲಿ ನಾನು ಕೇಳ್ಲಿಲ್ಲ.

ತಯಾರಿ ಹೇಗೆ ಅಂದ್ರೆ, ಶನಿವಾರ ರಾತ್ರಿ ಹತ್ತು ಗಂಟೆಗೆ ಪುಸ್ತಕ ತೆಗೆಯುವ ಅಭ್ಯಾಸ ಬೇಡವೇ ಬೇಡ. ಸೋಮವಾರ ಆ ಭಾಗವನ್ನು ಬೈಬಲಿಂದಲೇ ಎರಡು ಸಲ ಓದಿ, ಪಾಠದ ಪುಸ್ತಕದಿಂದ ಅಲ್ಲ. ಆಮೇಲೆ ವಾರವಿಡೀ ತಲೆಯಲ್ಲಿ ಇರ್ಲಿ. ಬುಧವಾರ ಗುರುವಾರ ಪಾತ್ರೆ ತೊಳೆಯುವಾಗ, ಇಲ್ಲ ಸ್ಕೂಟರಲ್ಲಿ ಹೋಗುವಾಗ ಬಾಯಿ ಬಿಟ್ಟು ಹೇಳಿ ನೋಡಿ. ಎಲ್ಲಿ ತಡವರಿಸ್ತೀರೋ ಅಲ್ಲಿ ನಿಮಗೇ ಕಥೆ ಕಾಣ್ತಾ ಇಲ್ಲ ಅಂತ ಅರ್ಥ, ಅಷ್ಟು ಭಾಗ ಮತ್ತೆ ಓದಿ. ಎಂಟು ನಿಮಿಷಕ್ಕಿಂತ ಉದ್ದ ಬೇಡ. ಶನಿವಾರ ಸಾಮಾನು ಜೋಡಿಸಿದ್ರಾಯ್ತು, ಕ್ರೇಯಾನ್, ಗಮ್, ಹಳೆಯ ಮದುವೆ ಕಾಗದದ ಹಿಂದಿನ ಬಿಳಿ ಬದಿ (ನಮ್ಮ ಊರಲ್ಲಿ ಇದಕ್ಕೆ ಬರಗಾಲ ಇಲ್ಲ), ಹಲಸಿನ ಎಲೆ, ತೆಂಗಿನ ಗರಿ. ದುಡ್ಡು ಕೊಟ್ಟು ಕ್ರಾಫ್ಟ್ ಕಿಟ್ ತರಬೇಡಿ. ಅಡಿಕೆ ಹಾಳೆಯಲ್ಲಿ ಮಾಡಿದ ನೋಹನ ನಾವೆ ನಮ್ಮ ಕ್ಲಾಸಿನ ಕಪಾಟಲ್ಲಿ ಆರು ವರ್ಷ ಇತ್ತು, ಕೊನೆಗೆ ಗೆದ್ದಲು ಹಿಡಿದು ಬಿಸಾಡಿದ್ದು.

45 ನಿಮಿಷದಲ್ಲಿ ಕಥೆ ಎಂಟು ನಿಮಿಷ ಆದ್ರೆ ಉಳಿದದ್ದು? ಮೊದಲು ಪದ್ಯ, ಕೈಕಾಲು ಆಡಿಸುವಂಥದ್ದು, ಲೇಟಾಗಿ ಬರುವವರೆಲ್ಲ ಅಷ್ಟರಲ್ಲಿ ಬಂದು ಸೇರ್ತಾರೆ. ಆಮೇಲೆ ಚಾಪೆ ಮೇಲೆ ಕೂತು ಕಥೆ. ಬೆಂಚು ಇದ್ರೆ ಗೋಡೆಗೆ ಸರಿಸಿ, ಬೆಂಚೇ ಇಲ್ಲದ ಮೇಲೆ ಅಡಿಗೆ ಹೋಗ್ಲಿಕ್ಕೆ ಆಗುದಿಲ್ಲ. ಆಮೇಲೆ ಕೈಕೆಲಸ, ಅದು ಎಷ್ಟು ಹೊತ್ತಾದ್ರೂ ಎಳೀತದೆ. ಕೊನೆಗೆ ಪ್ರಾರ್ಥನೆ, ಅದು ಎರಡು ಸಾಲು, ಕಣ್ಣು ಮುಚ್ಚಿಸಿ ಉದ್ದ ಪ್ರಾರ್ಥನೆ ಮಾಡಿದ್ರೆ ಒಬ್ಬ ಪಕ್ಕದವಳ ಜಡೆ ಎಳಿತಾನೆ, ಅದು ದೇವರ ತಪ್ಪೂ ಅಲ್ಲ ಅವನ ತಪ್ಪೂ ಅಲ್ಲ.

ಹೊಡೆದ ಹುಡುಗನ ವಿಷಯ. ಅವನನ್ನು ಬಾಗಿಲ ಹೊರಗೆ ನಿಲ್ಲಿಸಬೇಡಿ, ಕೆಲಸ ಕೊಡಿ. ಬರುವ ವಾರ ಹತ್ತು ನಿಮಿಷ ಮೊದಲೇ ಬರ್ಲಿಕ್ಕೆ ಅವನ ಮನೆಗೆ ಹೇಳಿ, ಚಾಪೆ ಹಾಸುದು, ಕ್ರೇಯಾನ್ ಹಂಚುದು ಅವನ ಜವಾಬ್ದಾರಿ. ಏಳು ವರ್ಷದವರಿಗೆ ನಾಲ್ಕು ವರ್ಷದವರ ಕ್ಲಾಸಲ್ಲಿ ಬೋರು ಬರ್ತದೆ, ಬೋರು ಬಂದ ಕೈ ಪಕ್ಕದವರ ಮೇಲೆ ಹೋಗ್ತದೆ. ಅಳುವ ಮಗುವಿನ ಅಮ್ಮ ಎರಡು ವಾರ ಬಾಗಿಲ ಹತ್ರ ಒಂದು ಕುರ್ಚಿಯಲ್ಲಿ ಕೂರ್ಲಿ, ಮೂರನೇ ವಾರ ಕುರ್ಚಿ ವರಾಂಡಕ್ಕೆ ಹೋಗ್ಲಿ. ಕದ್ದು ಓಡಿಹೋಗುದು ಮಾತ್ರ ಬೇಡ, ಒಂದ್ಸಲ ಹಾಗಾದ್ರೆ ಆ ಮಗು ಮತ್ತೆ ಮೂರು ತಿಂಗಳು ಅಮ್ಮನ ಸೆರಗು ಬಿಡುದಿಲ್ಲ. ಮತ್ತೆ ದಯವಿಟ್ಟು "ಗಲಾಟೆ ಮಾಡಿದ್ರೆ ದೇವರು ಕಣ್ಣು ಕುಕ್ತಾರೆ" ಅಂತ ಹೇಳಬೇಡಿ. ನಮ್ಮ ಅಜ್ಜಿಯಂದಿರು ಹೇಳಿದ್ರು, ನಾವು ಬದುಕಿದ್ದೇವೆ, ಸರಿ. ಆದ್ರೆ ಒಂದು ಗಂಟೆ ದೇವರಿಗೆ ಪ್ರೀತಿ ಉಂಟು ಅಂತ ಕಲಿಸಿ ಒಂದು ನಿಮಿಷದಲ್ಲಿ ಕಣ್ಣು ಕುಕ್ಕಿಸಿದ್ರೆ ಮಗು ಯಾವುದನ್ನು ನೆನಪಿಟ್ಕೊಳ್ತದೆ ಅಂತ ನಿಮಗೆ ಗೊತ್ತುಂಟು.

ಹೆದರಿಕೆಯ ಮಾತು ಬಂತಲ್ಲ, ನನ್ನದೇ ಒಂದು ತಪ್ಪು ಹೇಳ್ತೇನೆ. ಶುರುವಿನ ವರ್ಷಗಳಲ್ಲಿ ದಾವೀದ ಗೊಲ್ಯಾತನ ಕಥೆಯನ್ನು ಯಕ್ಷಗಾನದ ಬಣ್ಣದ ವೇಷ (ರಾಕ್ಷಸ ಪಾತ್ರ) ಬಂದ ಹಾಗೆ ಹೇಳಿ, ಹುರುಪಲ್ಲಿ ತಲೆ ಕಡಿದದ್ದನ್ನೂ ಬಿಡದೆ ಮಾಡಿ ತೋರಿಸಿದ್ದೆ. ಮಕ್ಕಳು ಬಾಯಿ ಬಿಟ್ಟು ಕೇಳಿದ್ರು, ನನಗೆ ಭಾರೀ ಖುಷಿ. ಮುಂದಿನ ವಾರ ಒಬ್ಬ ತಾಯಿ ಬಂದು ಹೇಳಿದ್ರು, ಮಗ ಒಂದು ವಾರದಿಂದ ರಾತ್ರಿ ಹಾಸಿಗೆ ಒದ್ದೆ ಮಾಡ್ತಾ ಇದ್ದಾನೆ, ಒಬ್ಬನೇ ಬಾತ್‌ರೂಮಿಗೆ ಹೋಗುದಿಲ್ಲ. ಆ ದಿನದಿಂದ ಈ ವಯಸ್ಸಿನವರಿಗೆ ದಾವೀದ ಹಳ್ಳದಿಂದ ಐದು ನುಣುಪು ಕಲ್ಲು ಆರಿಸಿದ, ಒಂದು ಬೀಸಿದ, ದೊಡ್ಡ ಮನುಷ್ಯ ಬಿದ್ದ, ಅಲ್ಲಿಗೆ ಮುಗೀತು. ಅಬ್ರಹಾಮ ಇಸಾಕನನ್ನು ಬಲಿ ಕೊಡ್ಲಿಕ್ಕೆ ಹೋದದ್ದು ಹತ್ತು ವರ್ಷದ ಮೇಲೆ ಸಾಕು. ಅಪ್ಪ ಮಗನ ಮೇಲೆ ಕತ್ತಿ ಎತ್ತಿದ ಅಂತ ಕೇಳಿದ ನಾಲ್ಕು ವರ್ಷದ ಮಗು ಆಮೇಲೆ ಬಂದ ದೇವದೂತನನ್ನು ಕೇಳಿಸಿಕೊಳ್ಳುದೇ ಇಲ್ಲ, ಅದು ತನ್ನ ಅಪ್ಪನ ಮುಖ ನೋಡ್ತಾ ಇರ್ತದೆ. ಟಿಸಿಎಚ್, ಅಂದ್ರೆ ಪ್ರೈಮರಿ ಟೀಚರ್ ಟ್ರೈನಿಂಗ್, ಮಾಡುವಾಗ ಪಿಯಾಜೆ ಅಂತ ಒಬ್ಬ ಮನಶ್ಶಾಸ್ತ್ರಜ್ಞರ ಬಗ್ಗೆ ಓದಿದ್ದೆವು (ಅವರೂ ಸ್ವಿಟ್ಜರ್ಲೆಂಡಿನವರೇ, ನಮ್ಮ ಬಾಸೆಲಿನ ದೇಶ), ಏಳು ವರ್ಷದ ಒಳಗಿನ ಮಕ್ಕಳ ಯೋಚನೆ ಕಣ್ಣಿಗೆ ಕಾಣುವ ವಸ್ತುವಿಗೆ ಅಂಟಿಕೊಂಡಿರ್ತದೆ ಅಂತ ಅವರು ಹೇಳಿದ್ದು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದು, ಅರ್ಥ ಆದದ್ದು ಸಂಡೇ ಸ್ಕೂಲಲ್ಲಿ, "ಯೇಸು ಪಾಪ ತೊಳೀತಾರೆ" ಅಂದಾಗ ಒಬ್ಬಳು "ಯಾವ ಸೋಪಲ್ಲಿ" ಅಂತ ಕೇಳಿದಾಗ.

ಈಗ ಅಜ್ಜನ ಪ್ರಶ್ನೆ. ಮೊದಲು, ಆ ಹುಡುಗಿ ನಿಮ್ಮನ್ನು ನೋಡಿದ್ದು ಅದೇ ದಿನ, ಆದ್ರೂ ನಿಮ್ಮ ಹತ್ರ ಕೇಳಿದ್ಲು, ಅದು ಚಿಕ್ಕ ವಿಷಯ ಅಲ್ಲ. ಅಜ್ಜ ಮಲಗಿದ್ದಾರೆ ಅಂತ ಹೇಳಬೇಡಿ, ರಾತ್ರಿ ಮಲಗ್ಲಿಕ್ಕೆ ಹೆದರ್ತಾಳೆ. ಊರಿಗೆ ಹೋಗಿದ್ದಾರೆ ಅಂದ್ರೆ ಯಾವಾಗ ಬರ್ತಾರೆ ಅಂತ ಕಾಯ್ತಾಳೆ. "ದೇವರಿಗೆ ಬೇಕಾಯ್ತು, ಕರ್ಕೊಂಡ್ರು" ಅಂತ ನಾವು ದೊಡ್ಡವರು ಸಮಾಧಾನಕ್ಕೆ ಹೇಳುದು, ಮಗುವಿಗೆ ಅದು ದೇವರು ಅಜ್ಜನನ್ನು ಎಳ್ಕೊಂಡು ಹೋದ, ನಾಳೆ ಅಮ್ಮನನ್ನೂ ಹಾಗೇ ಮಾಡಬಹುದು ಅಂತ ಕೇಳಿಸ್ತದೆ. ನಾನು ಹೇಳುದು ಹೀಗೆ: ಅಜ್ಜ ತೀರಿಹೋದ್ರು, ಅವರ ದೇಹಕ್ಕೆ ಇನ್ನು ನೋವಿಲ್ಲ, ಹಸಿವಿಲ್ಲ, ಅವರು ದೇವರ ಹತ್ರ ಇದ್ದಾರೆ ಅಂತ ನಾವು ನಂಬ್ತೇವೆ. ಅಷ್ಟೇ. ಆಮೇಲೆ ಅಜ್ಜನ ಬಗ್ಗೆ ಕೇಳಿ, ಅಜ್ಜ ನಿನಗೆ ಎಂತ ತರ್ತಿದ್ರು? ಅವಳು ಹೇಳ್ತಾ ಹೋಗ್ತಾಳೆ. ಅತ್ರೆ ಅಳ್ಲಿ, ಗೆಳೆಯ ಲಾಜರ ಸತ್ತಾಗ ಯೇಸುವೇ ಅತ್ತಿದ್ದಾರೆ, ಯೋಹಾನ 11ರಲ್ಲಿ ಉಂಟು, ಅದನ್ನೂ ಹೇಳಬಹುದು. ಗೊತ್ತಿಲ್ಲದ ಪ್ರಶ್ನೆಗೆ "ನನಗೆ ಗೊತ್ತಿಲ್ಲ ಪುಟ್ಟ, ಅಯ್ಯನವರ ಹತ್ರ ಕೇಳಿ ಬರುವ ವಾರ ಹೇಳ್ತೇನೆ" ಅನ್ನಿ, ಆದ್ರೆ ಬರುವ ವಾರ ಹೇಳ್ಲೇಬೇಕು, ನೀವು ಮರೆತ್ರೂ ಅವರು ಮರೆಯುದಿಲ್ಲ.

ಬೈಬಲ್ ಜ್ಞಾನ ಕಮ್ಮಿ ಅಂತ ಸಂಕೋಚ ಬೇಡ ಅನ್ನಲಿಕ್ಕೆ ಒಂದು ಹಳೆ ಸಂಗತಿ. ಸಂಡೇ ಸ್ಕೂಲ್ ದೊಡ್ಡ ಚಳವಳಿ ಆಗಿ ಬೆಳೆದದ್ದು ಇಂಗ್ಲೆಂಡಿನ ಗ್ಲಾಸ್ಟರ್ ಊರಿಂದ, 1780ರಲ್ಲಿ ರಾಬರ್ಟ್ ರೇಕ್ಸ್ ಅನ್ನುವವರು ಶುರು ಮಾಡಿದ ಮೇಲೆ. ಅವರು ಪಾದ್ರಿ ಅಲ್ಲ, ಪೇಪರ್ ನಡೆಸ್ತಿದ್ದವರು. ವಾರದಲ್ಲಿ ಆರು ದಿನ ದುಡಿಯುವ ಬಡ ಮಕ್ಕಳು ಭಾನುವಾರ ಬೀದಿಯಲ್ಲಿ ಅಲೆಯುದನ್ನು ನೋಡಿ ಅವರಿಗೆ ಓದು ಬರಹ ಕಲಿಸ್ಲಿಕ್ಕೆ ಹೊರಟದ್ದು. ಮೊದಲ ಟೀಚರ್‌ಗಳು ಅಲ್ಲಿಯ ಸಾಮಾನ್ಯ ಹೆಂಗಸರು, ದೇವಶಾಸ್ತ್ರ ಓದಿದವರಲ್ಲ. ಒಂದು ವ್ಯತ್ಯಾಸ ಅಂದ್ರೆ ಅವರಿಗೆ ಸಂಬಳ ಇತ್ತು, ನಮಗೆ ಟೀಚರ್ಸ್ ಮೀಟಿಂಗಲ್ಲಿ ಒಂದು ಚಾ, ಅದೃಷ್ಟ ಇದ್ರೆ ಗೋಳಿಬಜೆ.

ಇನ್ನು ಇದನ್ನು ಯಾರೂ ಹೇಳಿಕೊಡುದಿಲ್ಲ, ಹಾಗಾಗಿ ನಾನು ಹೇಳ್ತೇನೆ. 14 ಮಕ್ಕಳ ಜೊತೆ ನೀವು ಒಬ್ಬರೇ ಇರಬಾರದು. ಇದು ನಿಮ್ಮ ಸಾಮರ್ಥ್ಯದ ವಿಷಯ ಅಲ್ಲ. ಒಂದು ಮಗುವಿಗೆ ಬಾತ್‌ರೂಮಿಗೆ ಹೋಗ್ಲಿಕ್ಕುಂಟು ಅಂದ್ರೆ ಹದಿಮೂರು ಮಕ್ಕಳನ್ನು ಯಾರ ಹತ್ರ ಬಿಡ್ತೀರಿ? ಎರಡನೇ ದೊಡ್ಡವರೊಬ್ಬರು ಬೇಕೇ ಬೇಕು, ಹೈಸ್ಕೂಲ್ ಹುಡುಗಿಯರು ಸಹಾಯಕ್ಕೆ ಇರ್ಲಿ, ಆದ್ರೆ ಅವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕ್ಲಾಸಿನ ಬಾಗಿಲು ತೆರೆದೇ ಇರ್ಲಿ. ಕ್ಲಾಸ್ ಬಿಟ್ಟ ಮೇಲೆ ಯಾರು ಕರ್ಕೊಂಡು ಹೋಗುದು ಅಂತ ಮೊದಲೇ ಕೇಳಿ ಬರ್ದಿಟ್ಕೊಳ್ಳಿ, ಮುಖ ಪರಿಚಯ ಇದೆ ಅಂತ ಯಾರ್ಯಾರ ಜೊತೆಯೋ ಕಳಿಸಬೇಡಿ. ಬಿಸ್ಕತ್ತು ಚಾಕ್ಲೇಟ್ ಕೊಡುವ ಮೊದಲು ಯಾರಿಗೆ ಎಂತ ಆಗುದಿಲ್ಲ ಅಂತ ಕೇಳಿ. ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸಿಗೆ ಹಾಕುದು ತಂದೆತಾಯಿ ಒಪ್ಪಿದ್ರೆ ಮಾತ್ರ. ಮತ್ತೆ ಯಾವುದಾದ್ರೂ ಮಗು ತನಗೆ ಯಾರೋ ಕೆಟ್ಟದಾಗಿ ಮುಟ್ಟಿದ್ರು ಅಂತ ಹೇಳಿದ್ರೆ, ಅಥವಾ ನಿಮಗೇ ಅನುಮಾನ ಬಂದ್ರೆ, ಅದನ್ನು ಕಮಿಟಿಯೊಳಗೆ ಮುಚ್ಚಿ ಹಾಕುವ ಮಾತಿಗೆ ಸೇರಬೇಡಿ. 2012ರ ಪೋಕ್ಸೋ ಕಾಯ್ದೆ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾನೂನು) ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸ್ಲೇಬೇಕು, ತಿಳಿಸದಿದ್ರೆ ಅದೇ ಅಪರಾಧ, ಆರು ತಿಂಗಳ ತನಕ ಜೈಲು ಆಗಬಹುದು. ಮಕ್ಕಳ ಸಹಾಯವಾಣಿ 1098. ಈ ನಂಬರನ್ನು ನಾನು ಹಾಜರಿ ಪುಸ್ತಕದ ಮೊದಲ ಪುಟದಲ್ಲಿ ಬರ್ದಿಟ್ಟಿದ್ದೇನೆ, ಒಬ್ಬರು "ಚರ್ಚಲ್ಲಿ ಇದೆಲ್ಲ ಯಾಕೆ ಟೀಚರ್" ಅಂತ ಕೇಳಿದ್ರು, ಮಕ್ಕಳು ಇರುವ ಕಡೆಯಲ್ಲೆಲ್ಲ ಬೇಕು ಅಂದೆ.

ಹಾಜರಿ ಪುಸ್ತಕ ಅಂದಾಗ ನೆನಪಾಯ್ತು, ಬರುವ ಭಾನುವಾರದ ಒಳಗೆ 14 ಹೆಸರೂ ನಿಮ್ಮ ಬಾಯಲ್ಲಿ ಇರ್ಬೇಕು. ಕೂಗುವ ಹೆಸರು, ರಿಜಿಸ್ಟರಿನ ಹೆಸರಲ್ಲ. ಯಾರಾದ್ರೂ ಎರಡು ವಾರ ಬರದಿದ್ರೆ ಮನೆಗೆ ಫೋನ್ ಮಾಡಿ ಮಗುವಿನ ಹತ್ರವೇ ಮಾತಾಡಿ. ಟೀಚರ್ ನನಗೆ ಫೋನ್ ಮಾಡಿದ್ರು ಅಂತ ಅದು ಇಡೀ ಓಣಿಗೆ ಸಾರ್ತದೆ.

ಬಿಡಬಹುದಾ ಅಂತ ಕೇಳಿದ್ರಿ. ಬಿಡಬಹುದು, ತಪ್ಪಿಲ್ಲ, ಆದ್ರೆ ಒಂದು ವಾರ ನೋಡಿ ಬಿಡಬೇಡಿ, ಕ್ರಿಸ್ಮಸ್ ತನಕ ನೋಡಿ. ಅಯ್ಯನವರ ಹತ್ರ ಈಗಲೇ ಎರಡು ಮಾತು ಸ್ಪಷ್ಟ ಮಾಡ್ಕೊಳ್ಳಿ: ನನ್ನ ಜೊತೆ ಇನ್ನೊಬ್ಬರು ಬೇಕು, ಮತ್ತೆ ನಾನು ಕ್ರಿಸ್ಮಸ್ ಪ್ರೋಗ್ರಾಮ್ ಮುಗಿಯುವ ತನಕ ಮಾಡ್ತೇನೆ, ಆಮೇಲೆ ಕೂತು ಮಾತಾಡುವ. ಹೀಗೆ ತಾರೀಕು ಹಾಕದೆ ಒಪ್ಪಿಕೊಂಡವರೇ ಎರಡು ವರ್ಷದಲ್ಲಿ ಸುಸ್ತಾಗಿ, ಯಾರಿಗೂ ಹೇಳದೆ ಬೇರೆ ಚರ್ಚಿಗೆ ಹೋಗುದನ್ನು ನಾನು ನೋಡಿದ್ದೇನೆ. ಕ್ಲಾಸೂ ಆರಾಧನೆಯೂ ಒಂದೇ ಹೊತ್ತಿಗೆ ಇದ್ರೆ ಎರಡು ವಾರ ನೀವು, ಎರಡು ವಾರ ಅವರು ಅಂತ ಹಂಚಿಕೊಳ್ಳಿ, ಇಲ್ಲದಿದ್ರೆ ನಿಮಗೆ ವರ್ಷವಿಡೀ ಪ್ರಸಂಗ ಕೇಳ್ಲಿಕ್ಕೇ ಸಿಗುದಿಲ್ಲ. ಎರಡನೇಯವರು ಯಾರೂ ಸಿಗುದಿಲ್ಲ, ನೀವೇ ಹೇಗಾದ್ರೂ ಸುಧಾರಿಸಿ ಅಂತ ಹೇಳಿದ್ರೆ ಮಾತ್ರ, ಮರ್ಯಾದೆಯಿಂದ ಆಗುದಿಲ್ಲ ಅನ್ನಿ. ಆಗ ತಪ್ಪು ನಿಮ್ಮದಲ್ಲ.

ಸೀರೆ ಉಡಬೇಕು ಅಂತ ಹೇಳಿದವರನ್ನು ಒಂದು ಭಾನುವಾರ ಚಾಪೆ ಮೇಲೆ ಕೂತು 14 ಮಕ್ಕಳಿಗೆ ಗಮ್ ಹಚ್ಚಿಕೊಡ್ಲಿಕ್ಕೆ ಕರೀರಿ. ಚೂಡಿದಾರ್ ಸಾಕು, ಜೇಬು ಇರುವಂಥದ್ದು, ಒಂದು ಜೇಬಲ್ಲಿ ಮೂಗು ಒರೆಸುವ ಬಟ್ಟೆ ಇನ್ನೊಂದರಲ್ಲಿ ಬ್ಯಾಂಡೇಡ್. ಶಾಲಿಗೆ ಪಿನ್ ಹಾಕಬೇಡಿ, ನಾಲ್ಕು ವರ್ಷದವರು ಹೇಳದೆ ಕೇಳದೆ ಬಂದು ಮಡಿಲಲ್ಲಿ ಕೂತ್ಕೊಳ್ತಾರೆ.